ಹೊಂಬಾಳಮ್ಮನ ಬಾಡೂಟ ಹೊಳೆ ದಾಟಿದ್ದು

ಪ್ರಶ್ನೆ ಕೇಳುವುದು ನನ್ನ ಕೆಲಸ. ಮದ್ದೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಪಾಠ ಮಾಡುತ್ತೇನೆ. ಪಾಠ ಮಾಡಿಕೊಂಡಿದ್ದರೆ ಸಾಲದು ಅಂತ ಮೇಲಿನವರು ಆಗಾಗ ಒಂದು ಸಮೀಕ್ಷೆಯನ್ನೂ ತಲೆಗೆ ಕಟ್ಟುತ್ತಾರೆ. ಹೋದ ವರ್ಷ ಕಟ್ಟಿದ್ದು, ಡ್ರೋನ್ ತಂದುಕೊಟ್ಟ ಊಟವನ್ನು ನಮ್ಮ ಜನ ಉಣ್ಣುತ್ತಾರೋ ಇಲ್ಲವೋ ಅನ್ನುವ ವಿಷಯ. ನಲವತ್ತು ಪ್ರಶ್ನೆಗಳ ಫಾರಂ. ಒಂದೊಂದಕ್ಕೂ ಒಂದರಿಂದ ಐದರವರೆಗೆ ಅಂಕ ಕೊಡಬೇಕು. ‘ಡ್ರೋನ್ ಊಟದ ಮೇಲೆ ನಿಮಗೆ ಎಷ್ಟು ನಂಬಿಕೆ?’ ಮೂರು. ಮೂರು ಅಂದರೇನು ಅಂತ ಕೇಳಿದವರಿಗೂ ಗೊತ್ತಿಲ್ಲ, ಹೇಳಿದವರಿಗೂ ಗೊತ್ತಿಲ್ಲ. ಆ ಕಾಗದದ ಕಟ್ಟು ಹಿಡಿದು ಒಂದು ಸೋಮವಾರ ಬೆಳಿಗ್ಗೆ ಚಿಕ್ಕರಸಿನಕೆರೆಯಲ್ಲಿ ಬಸ್ಸಿಳಿದು ಹೊಂಬಾಳಮ್ಮನವರ ಮೆಸ್ಸಿಗೆ ಹೋದೆ. ಅಲ್ಲಿ ನನ್ನ ಕೆಲಸವನ್ನು ಅವರೇ ಕಿತ್ತುಕೊಂಡರು.

"ನಿಮ್ಮವು ನಲವತ್ತು ಪ್ರಸ್ನೆ ಅಲ್ವಾ ಮೇಷ್ಟ್ರೇ? ಕೇಳೀರಂತೆ ಬುಡಿ. ಮೊದ್ಲು ನಂದು ಒಂದೆರಡು ಅವೆ," ಅಂತ ಸೌಟು ಕೆಳಗಿಟ್ಟು ಎದುರಿಗೆ ಕೂತರು. "ಆ ಮಿಸಿನ್ನು ಸಾರು ಒತ್ಕಂಡು ನೆಟ್ಟಗೆ ಓಯ್ತದಾ, ವಾಲ್ಕಂಡು ಓಯ್ತದಾ? ವಾಲಿದ್ರೆ ಚೆಲ್ಲಲ್ವಾ? ಬಾಡಿನ ವಾಸ್ನೆಗೆ ಹದ್ದು ಬಂದು ಎರಗಿದ್ರೆ ಏನ್ ಮಾಡ್ತದೆ? ಊಟ ಯಾರ್ದು ಅಂತ ಅದ್ಕೆ ಎಂಗೆ ಗೊತ್ತಾಯ್ತದೆ?"

ನನಗೆ ಒಂದಕ್ಕೂ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಅನ್ನುವ ಅಭ್ಯಾಸ ಮೇಷ್ಟ್ರುಗಳಿಗೆ ಇಲ್ಲವಾದ್ದರಿಂದ ಕೆಮ್ಮಿ ನೀರು ಕೇಳಿದೆ.

ಹೊಂಬಾಳಮ್ಮನವರಿಗೆ ಐವತ್ತೆಂಟು ವರ್ಷ. ಹುಟ್ಟಿದ್ದು ಮಳವಳ್ಳಿ ತಾಲ್ಲೂಕಿನಲ್ಲಿ, ಶಿವನಸಮುದ್ರದ ಹತ್ತಿರದ ಒಂದು ಹಳ್ಳಿಯಲ್ಲಿ. ಕರೆಂಟು ನೀರಿನಿಂದಲೇ ಬರುವುದು ಅಂತ ಇಸ್ಕೂಲಿನಲ್ಲಿ ಹೇಳಿಕೊಟ್ಟ ದಿನ ಎದ್ದು ನಿಂತು, "ಅಂಗಾರೆ ತಂತಿ ಯಾಕೆ ನೆನೆಯಲ್ಲ?" ಅಂತ ಕೇಳಿದರಂತೆ. ಮೇಷ್ಟ್ರು ಬೆಂಚಿನ ಮೇಲೆ ನಿಲ್ಲಿಸಿದರು. ಏಳನೇ ಕ್ಲಾಸಿಗೆ ಓದು ಮುಗಿಯಿತು, ಕೇಳುವುದು ಮುಗಿಯಲಿಲ್ಲ. ಮದುವೆಯಾಗಿ ಚಿಕ್ಕರಸಿನಕೆರೆಗೆ ಬಂದ ಮೇಲೆ ಕುಕ್ಕರಿನ ವೆಯ್ಟು ಬಿಚ್ಚಿ ನೋಡಿದರು, ಹಿಟ್ಟಿನ ಮಿಲ್ಲಿನವನ ಜೊತೆ ಕೂತು ಬೀಸುವ ಕಲ್ಲಿಗೆ ಕಚ್ಚು ಹಾಕುವುದನ್ನು ಕಲಿತರು, ಟಿವಿ ರಿಪೇರಿಗೆ ಬಂದವನಿಗೆ ಕಾಫಿ ಕೊಟ್ಟು ಎರಡು ಗಂಟೆ ಹಿಡಿದಿಟ್ಟುಕೊಂಡರು. ಗಂಡ ನಾಗರಾಜು, ಇವಳ ಕೂಡೆ ಸಂತೆಗೆ ಹೋದರೆ ಹೊತ್ತು ಮುಳುಗುತ್ತದೆ ಅಂತ ಒಬ್ಬರೇ ಹೋಗುತ್ತಿದ್ದರಂತೆ. ಎಂಟು ವರ್ಷದ ಹಿಂದೆ ನಾಗರಾಜು ಆಸ್ಪತ್ರೆಯಲ್ಲಿ ಹನ್ನೊಂದು ದಿನ ಮಲಗಿ ತೀರಿಕೊಂಡರು. ಆ ಹನ್ನೊಂದು ದಿನ ಯಾವ ಬಾಟಲಿ ಯಾತಕ್ಕೆ ಅಂತ ಕೇಳಿದ್ದಕ್ಕೆ ಯಾರೂ ಸರಿಯಾಗಿ ಹೇಳಲಿಲ್ಲ ಅನ್ನುವ ನೋವು ಅವರಿಗೆ ಇನ್ನೂ ಇದೆ. ಅದನ್ನು ಹೇಳುವಾಗ ಮಾತ್ರ ದನಿ ಇಳಿಯಿತು.

ಮೆಸ್ಸು ಹತ್ತೊಂಬತ್ತು ವರ್ಷದ್ದು. ಮನೆ ಜಗಲಿಗೆ ಶೀಟು ಇಳಿಸಿ, ನಾಲ್ಕು ಬೆಂಚು ಹಾಕಿ ಶುರು ಮಾಡಿದ್ದು. ಸೋಮವಾರ ಉಪ್ಸಾರು ಮುದ್ದೆ, ಮಂಗಳವಾರ ಬುಧವಾರ ಬಾಡು. ಉಣ್ಣುವವರಲ್ಲಿ ಅರ್ಧಕ್ಕರ್ಧ ಜನ ಶಿಂಷಾ ಹೊಳೆಯ ಆಚೆ ದಡದ ಆಲೆಮನೆಗಳಲ್ಲಿ ಬೆಲ್ಲ ಕಾಯಿಸುವವರು. ಸಣ್ಣ ಸೇತುವೆ ದಾಟಿ ನಡೆದೇ ಬರುತ್ತಿದ್ದರು. ಹಿಂದಿನ ಮಳೆಗಾಲದಲ್ಲಿ ಸೇತುವೆ ಬಿರುಕು ಬಿಟ್ಟಿತು, ದಾಟಬೇಡಿ ಅಂತ ಅಡ್ಡಗೋಡೆ ಕಟ್ಟಿದರು. ಸುತ್ತಿ ಬಂದರೆ ಹದಿನಾರು ಕಿಲೋಮೀಟರ್. ಅಲ್ಲಿಗೆ ಆಚೆಯವರ ಊಟ ನಿಂತಿತು. ನಾನು ಹೋದಾಗ ಎರಡು ಬೆಂಚನ್ನು ಗೋಡೆಗೆ ಒರಗಿಸಿಟ್ಟಿದ್ದರು.

ಇಂಥ ಜಾಗವನ್ನೇ ಹುಡುಕಿಕೊಂಡು ಒಂದು ಡ್ರೋನ್ ಕಂಪನಿ ಬಂದಿತ್ತು. ಮೂರು ದಿನ ಪರೀಕ್ಷೆ, ದಿನಕ್ಕೆ ಆರು ಊಟ. ಆಚೆ ದಡದ ಜವರಯ್ಯನವರ ಆಲೆಮನೆಯಲ್ಲಿ ಆರು ಜನ, ಅವರೇ ಉಣ್ಣುವವರು. ಅವರು ಉಂಡರೆ ಉಳಿದ ಆಲೆಮನೆಯವರೂ ಉಣ್ಣುತ್ತಾರೆ, ಯಾಕೆಂದರೆ ಆ ದಡದಲ್ಲಿ ಜವರಯ್ಯನವರು ಹೂಂ ಅನ್ನದೆ ಯಾರೂ ಹೂಂ ಅನ್ನುವುದಿಲ್ಲ. ಮೂರನೇ ದಿನಕ್ಕೆ ಆ ದಡದವರು ಒಪ್ಪಿದ್ದರೆ ಡ್ರೋನು ಹೊಂಬಾಳಮ್ಮನವರ ಮೆಸ್ಸಿನಲ್ಲೇ ಉಳಿಯುತ್ತದೆ, ಇಲ್ಲದಿದ್ದರೆ ಮದ್ದೂರಿನ ಯಾವುದಾದರೂ ಹೋಟೆಲಿಗೆ ಹೋಗುತ್ತದೆ.

"ಹೋದ್ರೆ ಏನ್ ಮಾಡ್ತೀರಿ?" ಅಂತ ಕೇಳಿದೆ.

"ಬಾಗ್ಲಾಕ್ತೀನಿ. ನಾಲ್ಕು ಜನಕ್ಕೆ ಮೆಸ್ಸು ನಡೆಯಲ್ಲ ಮೇಷ್ಟ್ರೇ," ಅಂದರು. ಅಳಲಿಲ್ಲ, ಗೋಳಾಡಲಿಲ್ಲ. ಮುದ್ದೆ ತೊಳಸಲು ಎದ್ದು ಹೋದರು.

ಡ್ರೋನ್ ಹಾರಿಸುವವಳು ಅಕ್ಸಾ, ಮಳವಳ್ಳಿಯ ಮೆಕ್ಯಾನಿಕ್ ನಯಾಜ್ ಪಾಷಾ ಅವರ ಮಗಳು. ಇಪ್ಪತ್ತನಾಲ್ಕು ವರ್ಷ. ಎರಡು ವರ್ಷ ಕಬ್ಬಿನ ಗದ್ದೆಗಳ ಮೇಲೆ ಔಷಧಿ ಹೊಡೆಯುವ ಡ್ರೋನು ಓಡಿಸಿ ಕೈ ಪಳಗಿದ ಹುಡುಗಿ. ಹೊಂಬಾಳಮ್ಮನವರ ಎಲ್ಲ ಪ್ರಶ್ನೆಗೂ ತಾಳ್ಮೆಯಿಂದ ಉತ್ತರ ಕೊಟ್ಟಳು. ಸ್ಟೀಲ್ ಕ್ಯಾರಿಯರ್ ಯಾಕೆ ಬೇಡ ಅಂದಿದ್ದಕ್ಕೆ, "ತೂಕ ಜಾಸ್ತಿ ಆಯ್ತದೆ ಅಮ್ಮಾ," ಅಂತಷ್ಟೇ ಹೇಳಿದಳು. ಅದಕ್ಕೆ ಇನ್ನೊಂದು ಕಾರಣವೂ ಇತ್ತು. ಅದನ್ನೂ ಹೇಳಿದ್ದರೆ ನಮಗೆ ಒಂದು ದಿನ ಉಳಿಯುತ್ತಿತ್ತು.

ಸೋಮವಾರ ಹನ್ನೆರಡೂವರೆಗೆ ಮುದ್ದೆ, ಉಪ್ಸಾರು, ಖಾರ ತುಂಬಿದ ಕಂಪನಿಯ ಪ್ಲಾಸ್ಟಿಕ್ ಡಬ್ಬ ಹೊತ್ತು ಡ್ರೋನು ಎದ್ದಿತು. ನಾಲ್ಕು ನಿಮಿಷಕ್ಕೆ ಆಚೆ ಇಳಿಯಿತು. ಊಟ ತೆಗೆದುಕೊಂಡು ಖಾಲಿ ಡಬ್ಬವನ್ನು ಮತ್ತೆ ಸಿಕ್ಕಿಸಿ, ಹಸಿರು ಗುಂಡಿ ಒತ್ತಿದರೆ ವಾಪಸ್ಸು ಬರುತ್ತದೆ ಅಂತ ಅಕ್ಸಾ ಹಿಂದಿನ ದಿನವೇ ಅಲ್ಲಿಗೆ ಹೋಗಿ ಹೇಳಿಕೊಟ್ಟು ಬಂದಿದ್ದಳು. ವಾಪಸ್ಸು ಬಂತು. ಡಬ್ಬ ತುಂಬಿಯೇ ಬಂತು. ಮುದ್ದೆಗಳು ಇಟ್ಟ ಹಾಗೇ ಇದ್ದವು.

ಹಿಂದೆಯೇ ಜವರಯ್ಯನವರ ಫೋನು. "ಅಲ್ಲ ಕಣಮ್ಮಿ, ಮೊನ್ನೆ ತಾನೆ ನನ್ನ ಕಬ್ಬಿಗೆ ಇಂತದೇ ಮಿಸಿನ್ನು ಔಸ್ದಿ ಒಡೀತು. ಮೂರು ದಿನ ಗದ್ದೆ ತಾವ್ಕೆ ದನ ಬುಡಬ್ಯಾಡಿ ಅಂದ್ರು. ದನಕ್ಕೇ ಬ್ಯಾಡ ಅಂದ ಮಿಸಿನ್ನಲ್ಲಿ ಬಂದ ಇಟ್ಟು ನಾವು ಉಣ್ಬೇಕಾ?"

ನನಗೆ ಸಿಟ್ಟು ಬಂತು. ಇದೆಂಥ ಮೊಂಡುತನ ಅಂತ ಅಂದೂಬಿಟ್ಟೆ. ಹೊಂಬಾಳಮ್ಮನವರಿಗೆ ಸಿಟ್ಟು ಬರಲಿಲ್ಲ. "ಅಣ್ಣ ಕೇಳಿದ್ದು ಸರಿಯಾಗೇ ಅದೆ. ನಿಮ್ಮ ನಲವತ್ರಲ್ಲಿ ಇದು ಇದ್ದದಾ?" ಅಂದರು. ಇರಲಿಲ್ಲ. ಫಾರಂ ಬರೆದವರು ಕಬ್ಬಿನ ಗದ್ದೆ ನೋಡಿದವರಲ್ಲ.

"ಇದು ಯಾವತ್ತಾದ್ರೂ ಔಸ್ದಿ ಒತ್ತಿತ್ತಾ ಮಗಾ?" ಅಂತ ಅಕ್ಸಾಳನ್ನು ಕೇಳಿದರು.

"ಇಲ್ಲಮ್ಮ. ಔಷಧಿ ಹೊಡೆಯೋದ್ಕೆ ಟ್ಯಾಂಕು, ಪೈಪು ಇರ್ತದೆ. ಇದು ಹೊಸದು. ಡಬ್ಬಿ ಬಿಚ್ಚಿದ್ದೇ ನಿಮ್ಮ ಜಗಲಿ ಮೇಲೆ."

ಹೊಂಬಾಳಮ್ಮನವರು ಬಗ್ಗಿ ಡ್ರೋನಿನ ಹೊಟ್ಟೆ, ಕಾಲು, ರೆಕ್ಕೆ ಎಲ್ಲ ಮೂಸಿದರು. ನನ್ನನ್ನೂ ಮೂಸಿ ಅಂದರು, ಮೂಸಿದೆ. ಹೊಸ ಚಪ್ಪಲಿಯ ವಾಸನೆ ಇತ್ತು. ಆಮೇಲೆ ಅಕ್ಸಾಳ ಫೋನಿನಲ್ಲಿ ವಿಡಿಯೋ ಕಾಲ್ ಮಾಡಿಸಿ, ಹೊಳೆ ದಾಟಿ ಹಿಂತಿರುಗಿದ ಅದೇ ಡಬ್ಬದ ಮುದ್ದೆ ಮುರಿದು, ಉಪ್ಸಾರಿಗೆ ಅದ್ದಿ, ಜವರಯ್ಯನವರ ಕಣ್ಣೆದುರಿಗೇ ನುಂಗಿದರು. ಒಂದು ತುತ್ತಲ್ಲ, ಪೂರ್ತಿ ಒಂದು ಮುದ್ದೆ. "ರುಚಿ ಕೆಟ್ಟಿಲ್ಲ ಜವರಣ್ಣ. ಒಸಿ ಆರೋಗದೆ, ಅಷ್ಟೇಯಾ," ಅಂದರು.

"ಸರಿ, ನಾಳಿಕ್ಕೆ ನಾಟಿಕೋಳಿ ಕಳ್ಸು. ನೋಡಾಣ," ಅಂದರು ಜವರಯ್ಯ. ಉಪ್ಸಾರು ಬೇಡ ಅಂದವರಿಗೆ ಕೋಳಿ ಹೇಗೆ ಬೇಕಾಯಿತು ಅಂತ ನಾನು ಕೇಳಲಿಲ್ಲ, ನಾನೂ ಮಂಡ್ಯ ಜಿಲ್ಲೆಯಲ್ಲಿ ಹುಟ್ಟಿದವನೇ.

ಮಂಗಳವಾರ ಬೆಳಿಗ್ಗೆ ಕಾಲೇಜಿಗೆ ರಜೆ ಹಾಕಿ ಮತ್ತೆ ಹೋದೆ. ಸಮೀಕ್ಷೆಗೆ ಅಂತ ಹೇಳಿಕೊಂಡೆ, ನಿಜವಾಗಿ ಏನಾಗುತ್ತದೋ ನೋಡುವ ಚಪಲ. ಹೊಂಬಾಳಮ್ಮನವರು ಆರು ಜನಕ್ಕೆ ಕೋಳಿ ಸಾರು ಮಾಡಿ, ಬಿಸಿ ಆರದ ಹಾಗೆ ಬಾಳೆಲೆ ಮುಚ್ಚಿ ಡಬ್ಬ ತುಂಬಿದರು. "ನಮ್ಮನೆ ಬಾಡು ತಿಂತೀಯಾ ಮಗಾ?" ಅಂತ ಅಕ್ಸಾಳನ್ನು ಕೇಳಿದರು. "ಬ್ಯಾಡಮ್ಮ, ನಂಗೆ ಸೊಪ್ಪಿನ ಸಾರು ಕೊಡಿ," ಅಂದಳು. ಅವಳಿಗೆ ಬೇರೆ ಪಾತ್ರೆಯಲ್ಲಿ ಮೊದಲೇ ಮಾಡಿಟ್ಟಿದ್ದರು.

ಡ್ರೋನು ಏಳಲಿಲ್ಲ. ಅಕ್ಸಾಳ ಕೈಯ ಪರದೆ ಕೆಂಪಾಯಿತು, ದಿಕ್ಕು ಸಿಗುತ್ತಿಲ್ಲ ಅಂತ ತೋರಿಸಿತು. ಮೆಸ್ಸಿನ ಶೀಟಿನ ಕಬ್ಬಿಣ ಹತ್ತಿರವಾಯಿತೇನೋ ಅಂತ ಅವಳು ಅದನ್ನು ಬಯಲಿಗೆ ಒಯ್ದಳು. ಅಲ್ಲೂ ಕೆಂಪು. ಡಬ್ಬ ಬಿಚ್ಚಿ ಬದಿಗಿಟ್ಟು, ಡ್ರೋನನ್ನು ಎರಡು ಕೈಯಲ್ಲಿ ಹಿಡಿದು ನಿಂತಲ್ಲೇ ಒಂದು ಸುತ್ತು ತಿರುಗಿದಳು. ಹಸಿರಾಯಿತು. ಡಬ್ಬ ಸಿಕ್ಕಿಸಿದಳು, ಕೆಂಪಾಯಿತು. "ಡಬ್ಬದಲ್ಲಿ ಏನಿಟ್ಟಿದೀರಮ್ಮ?" ಅಂತ ಕೇಳಿದಳು.

"ಊಟ," ಅಂದರು ಹೊಂಬಾಳಮ್ಮ.

ಆಮೇಲೆ ಗೊತ್ತಾಗಿದ್ದನ್ನು ಈಗಲೇ ಹೇಳಿಬಿಡುತ್ತೇನೆ. ಬಾಡೂಟ ಹೊತ್ತು ಹೊಲ ಗದ್ದೆ ಹೊಳೆ ದಾಟುವವರು ಬುಟ್ಟಿಯಲ್ಲಿ ಒಂದು ಕಬ್ಬಿಣದ ಚೂರು ಇಡುವುದು ನಮ್ಮ ಕಡೆಯ ಪದ್ಧತಿ. ಬಾಡಿನ ವಾಸನೆಗೆ ಪೀಡೆ ಬೆನ್ನು ಹತ್ತುತ್ತದೆ, ಕಬ್ಬಿಣ ಕಂಡರೆ ಹತ್ತಿರ ಬರುವುದಿಲ್ಲ. ಇಟ್ಟಿದ್ದನ್ನು ಬಾಯಿಬಿಟ್ಟು ಹೇಳುವ ಹಾಗಿಲ್ಲ. ಹೊಂಬಾಳಮ್ಮನವರು ಬಾಳೆಲೆಯ ಅಡಿಗೆ ಒಂದು ದಪ್ಪ ಮೊಳೆ ಇಟ್ಟಿದ್ದರು. ಅಕ್ಸಾಳ ಯಂತ್ರ ಏಳದೆ ಒದ್ದಾಡಿದಾಗ ಅವರಿಗೆ ತೋಚಿದ್ದು ಒಂದೇ: ಪೀಡೆ ಜೋರಾಗಿದೆ, ಒಂದು ಮೊಳೆ ಸಾಲದು. ನಾವಿಬ್ಬರೂ ಪರದೆಯ ಮೇಲೆ ಬಗ್ಗಿದ್ದಾಗ ಒಳಗೆ ಹೋಗಿ ಒಂದು ಎತ್ತಿನ ಲಾಳ ತಂದು, ಮೊಳೆಯ ಜೊತೆ ಸೇರಿಸಿ, ಎರಡನ್ನೂ ಡಬ್ಬದ ತುದಿಗೆ, ಸಾರಿನ ಆಚೆಗೆ ತಳ್ಳಿದರು.

ಜಾಗ ಬದಲಾದ್ದಕ್ಕೋ ಏನೋ ಪರದೆ ಒಂದು ಗಳಿಗೆ ಹಸಿರಾಯಿತು. ಹೊತ್ತು ಮೀರುತ್ತಿದ್ದ ಗಡಿಬಿಡಿಯಲ್ಲಿ ಅಕ್ಸಾ ಹಾರಿಸಿಬಿಟ್ಟಳು. ಡ್ರೋನು ಹೊಳೆಯ ನಡುವಿನವರೆಗೆ ಚೆನ್ನಾಗೇ ಹೋಯಿತು. ಅಲ್ಲಿ ಸುತ್ತಲು ಶುರು ಮಾಡಿತು. ಮೊದಲು ಸಣ್ಣ ಸುತ್ತು, ಆಮೇಲೆ ದೊಡ್ಡ ಸುತ್ತು. ಆಚೆ ದಡದಲ್ಲಿ ಆಲೆಮನೆಯವರು ಆರೂ ಜನ ನಿಂತು ಬಾಯಿ ತೆರೆದು ನೋಡುತ್ತಿದ್ದರು. ಅಕ್ಸಾ ಹಲ್ಲು ಕಚ್ಚಿಕೊಂಡು ಕೈಯಲ್ಲೇ ತಿದ್ದಿ ತಿದ್ದಿ ಅದನ್ನು ಈಚೆಗೆ ಎಳೆದು ತಂದು ಕಟಾವಾದ ಕಬ್ಬಿನ ಗದ್ದೆಯಲ್ಲಿ ಇಳಿಸಿದಳು. ನಾನು ಓಡಿ ಹೋಗಿ ಎತ್ತಿಕೊಂಡು ಬಂದೆ, ಮೊಣಕಾಲಿಗೆ ಕಬ್ಬಿನ ಕೂಳೆ ತರಚಿತು. ಕೋಳಿ ಸಾರು ಅರ್ಧ ಚೆಲ್ಲಿತ್ತು.

ಫೋನು ಬಂತು. "ಕಂಡ್ಯಾ? ಬಾಡಿಗೆ ಪೀಡೆ ಇಡ್ಕತ್ತು. ಕಣ್ಣಾರ ನೋಡ್ದೋ. ಇನ್ನು ಚಿನ್ನದ ತಟ್ಟೇಲಿ ಕಳ್ಸುದ್ರೂ ನಾವು ಮುಟ್ಟಲ್ಲ," ಅಂದು ಜವರಯ್ಯ ಫೋನು ಇಟ್ಟುಬಿಟ್ಟರು.

ಅಕ್ಸಾ ಡಬ್ಬ ತೆರೆದು ಎಲೆ ಸರಿಸಿದಳು. ಮೊಳೆ ಸಿಕ್ಕಿತು. ಲಾಳ ಸಿಕ್ಕಿತು. ನಾನು ನಗಬೇಕೋ ಬಯ್ಯಬೇಕೋ ಗೊತ್ತಾಗದೆ ಎರಡನ್ನೂ ಮಾಡಿದೆ. ಅಕ್ಸಾ ಮಾತ್ರ ಹಣೆ ಹಣೆ ಚಚ್ಚಿಕೊಂಡು, "ತಪ್ಪು ನಂದೇ, ಕಬ್ಬಿಣ ಇಡ್ಬ್ಯಾಡಿ ಅಂತ ನಾನು ಹೇಳಿಲ್ಲ," ಅಂದಳು. ಡ್ರೋನಿನ ಒಳಗೆ ಉತ್ತರ ದಿಕ್ಕು ಗುರುತಿಸುವ ಒಂದು ಸಣ್ಣ ಸಾಮಾನು ಇದೆ, ಕಬ್ಬಿಣ ಹತ್ತಿರ ಬಂದರೆ ಅದಕ್ಕೆ ದಿಕ್ಕು ತಪ್ಪುತ್ತದೆ ಅಂತ ವಿವರಿಸಿದಳು.

ಮೆಸ್ಸು ಮುಳುಗುವ ಹೊತ್ತಿನಲ್ಲಿ ಹೊಂಬಾಳಮ್ಮನವರ ಮುಖ ಅರಳಿತು. "ಬಡಗ ದಿಕ್ಕಾ? ಬಡಗಲಿಗೆ ತಲೆ ಆಕ್ಕಂಡು ಮನಿಕಬ್ಯಾಡಿ ಅಂತಾರಲ್ಲ, ಅದೇ ಬಡಗ್ಲಾ? ಅದು ಇದ್ಕೆ ಗೊತ್ತಾಯ್ತದಾ? ತೋರ್ಸು ಮತ್ತೆ!"

ಮಧ್ಯಾಹ್ನ ಪೂರ್ತಿ ನಮಗೆ ಅದೇ ಕೆಲಸವಾಯಿತು. ಅಕ್ಸಾ ಪರದೆ ನೋಡುವುದು, ಹೊಂಬಾಳಮ್ಮನವರು ಮೊಳೆ ಹಿಡಿದು ಗೇಣು ಗೇಣಾಗಿ ಹತ್ತಿರ ಬರುವುದು. "ಈಗ?" "ಹಸಿರು." "ಈಗ?" "ಹಸಿರು." "ಈಗ?" "ಕೆಂಪು!" ಅಲ್ಲಿ ನೆಲಕ್ಕೆ ಒಂದು ಗೆರೆ ಎಳೆಯುವುದು. ಲಾಳಕ್ಕೆ ಬೇರೆ ಗೆರೆ, ಕುಡುಗೋಲಿಗೆ ಬೇರೆ ಗೆರೆ. ಹಿತ್ತಾಳೆ ಚೊಂಬು ತಂದರು, ಏನೂ ಆಗಲಿಲ್ಲ, ಹಿತ್ತಾಳೆಗೆ ಯಾಕಿಲ್ಲ ಅಂತ ಕೇಳಿದರು. ನನ್ನ ಕಾಲೇಜಿನಲ್ಲಿ ಇಷ್ಟು ಆಸೆಯಿಂದ ಕಲಿಯುವ ಒಬ್ಬರನ್ನೂ ನಾನು ಕಂಡಿಲ್ಲ, ಹೊಟ್ಟೆಕಿಚ್ಚಾಯಿತು.

ಕೊನೆಗೆ ಸುಸ್ತಾಗಿ ಕೂತು ಹೇಳಿದರು: "ಕಬ್ಬಿಣ ಇಟ್ರೆ ಇದು ಹಾರಲ್ಲ. ಕಬ್ಬಿಣ ತಗುದ್ರೆ ಜವರಣ್ಣ ಉಣ್ಣಲ್ಲ. ಡಬ್ಬದ ಮುಚ್ಚಳ ತಗುದ್ರೆ ಮೊದ್ಲು ಅದ್ನೇ ಹುಡುಕ್ತಾನೆ."

"ಇಟ್ಟಿದ್ದೀನಿ, ಹೊಳೇಲಿ ಬಿದ್ದೋಯ್ತೇನೋ ಅಂತ ಹೇಳಿಬಿಡಿ," ಅಂದೆ.

"ಉಣ್ಣೋ ಅನ್ನಕ್ಕೆ ಸುಳ್ಳು ಬೆರೆಸ್ಲಾ ಮೇಷ್ಟ್ರೇ?" ಅಂದರು. ನನಗೆ ನಾಚಿಕೆಯಾಯಿತು. ಸುಮ್ಮನಿರಲಾರದೆ, ಪೀಡೆ ಇದೆ ಅಂತ ನೀವು ನಂಬುತ್ತೀರಾ ಅಂತ ಕೇಳಿದೆ. "ನಾನು ಕಂಡಿಲ್ಲ. ಕಂಡಿಲ್ಲ ಅಂತ ಇಲ್ಲ ಅನ್ನೋಕಾಯ್ತದಾ? ಇದ್ರ ಬಡಗ್ಲೂ ಕಾಣಲ್ಲ," ಅಂತ ಡ್ರೋನಿನ ಕಡೆ ಕೈ ತೋರಿಸಿದರು. ಆಮೇಲೆ ಒಲೆಯ ಹತ್ತಿರ ಹೋಗಿ ಏನನ್ನೋ ಕೈಯಲ್ಲಿ ಹಿಡಿದು ಬಂದರು. ಇದ್ದಿಲು. ಡ್ರೋನಿನ ಹೊಟ್ಟೆಗೇ ಒತ್ತಿ ಹಿಡಿದರು. ಪರದೆ ಹಸಿರಾಗೇ ಇತ್ತು.

ಜವರಯ್ಯನವರು ನಾಲ್ಕನೇ ಸಲಕ್ಕೆ ಫೋನು ಎತ್ತಿದರು. ಹೊಂಬಾಳಮ್ಮ ಮೊಳೆ, ಲಾಳ, ಬಡಗ, ಎಲ್ಲ ಒಪ್ಪಿಸಿದರು. "ನಮ್ಮವ್ವನ ಮನೆ ಕಡೆ, ಮಳವಳ್ಳಿ ಸೀಮೇಲಿ, ಬಾಡಿನ ಬುಟ್ಟಿಗೆ ಇದ್ಲು ಇಡ್ತಿದ್ರು ಕಣಣ್ಣ. ಇದ್ಲು ಇಟ್ಟು ಕಳುಸ್ಲಾ?"

"ಇದ್ಲಿಗೆ ಪೀಡೆ ಎದ್ರುತದಾ?"

"ಕಬ್ಬಿಣಕ್ಕೆ ಎದ್ರುತದೆ ಅಂತ ನಿಂಗೆ ಯಾರು ಏಳುದ್ರು?"

"ನಮ್ಮವ್ವ."

"ಇದ್ಲಿಗೆ ಎದ್ರುತದೆ ಅಂತ ನಂಗೆ ನಮ್ಮವ್ವ ಏಳುದ್ಲು. ನಿಮ್ಮವ್ವ ನಿಜ ಏಳೋಳು, ನಮ್ಮವ್ವ ಸುಳ್ಳಿನೋಳಾ?"

ಆ ಕಡೆ ಬೆಲ್ಲದ ಕೊಪ್ಪರಿಗೆ ಕುದಿಯುವ ಸದ್ದು ಕೇಳಿಸಿತು. "ಕಳ್ಸು," ಅಂದರು ಜವರಯ್ಯ. "ನೋಡ್ತೀನಿ ಅಂದೆ. ಉಣ್ತೀನಿ ಅಂದಿಲ್ಲ."

ಬುಧವಾರ ಕೊನೆಯ ದಿನ. ಸಂಜೆಯೊಳಗೆ ಅಕ್ಸಾ ಕಂಪನಿಗೆ ವರದಿ ಕಳಿಸಬೇಕು. ಹೊಂಬಾಳಮ್ಮನವರು ಮತ್ತೆ ನಾಟಿಕೋಳಿ ಮಾಡಿದರು, ಮುದ್ದೆ ಕಟ್ಟಿದರು, ಎಲ್ಲಕ್ಕಿಂತ ಮೇಲೆ ಕಣ್ಣಿಗೆ ಕಾಣುವ ಹಾಗೆ ಹೆಬ್ಬೆರಳು ಗಾತ್ರದ ಇದ್ದಿಲನ್ನು ಎಲೆಯ ಚೂರಿನಲ್ಲಿ ಇಟ್ಟರು. ಡ್ರೋನು ಸಲೀಸಾಗಿ ಎದ್ದು, ನೆಟ್ಟಗೆ ಹೊಳೆ ದಾಟಿ ಇಳಿಯಿತು.

ಐದು ನಿಮಿಷ ಕಳೆಯಿತು, ಹತ್ತು ಕಳೆಯಿತು, ವಾಪಸ್ಸು ಬರಲಿಲ್ಲ. ಫೋನು ಮಾಡಿದರೆ ಎತ್ತುವವರಿಲ್ಲ. ಹೊಂಬಾಳಮ್ಮನವರು ಸೆರಗಿನ ತುದಿ ಹಿಡಿದುಕೊಂಡು ಜಗಲಿಯಲ್ಲಿ ನಿಂತೇ ಇದ್ದರು. ಪ್ರಶ್ನೆ ಕೇಳದ ಹೊಂಬಾಳಮ್ಮನನ್ನು ನೋಡಲು ನನಗೆ ಹೆದರಿಕೆಯಾಯಿತು. ಇಪ್ಪತ್ತು ನಿಮಿಷ. ಮೂವತ್ತು.

"ಎದ್ದದೆ!" ಅಂದಳು ಅಕ್ಸಾ. ಮರುಗಳಿಗೆಗೆ ಅವಳ ದನಿ ಬಿದ್ದುಹೋಯಿತು. "ಖಾಲಿ ಬರ್ಬೇಕಿತ್ತು. ಒಂದೂವರೆ ಕೇಜಿ ತೂಕ ತೋರಿಸ್ತಾ ಅದೆ."

ಸೋಮವಾರದ ಮುದ್ದೆಗಳು ನಮ್ಮ ಮೂವರ ಕಣ್ಣಿಗೂ ಬಂದವು. ಹೊಂಬಾಳಮ್ಮನವರು ಮೆಟ್ಟಿಲ ಮೇಲೆ ಕುಕ್ಕರಿಸಿದರು. "ಉಣ್ಲಿಲ್ಲ," ಅಂದರು. "ಕೋಳಿನಾರ ಉಣ್ತಾರೆ ಅಂದ್ಕಂಡಿದ್ದೆ." ಡ್ರೋನು ಬಂದು ಅಂಗಳದಲ್ಲಿ ಇಳಿದು ಸದ್ದು ನಿಲ್ಲಿಸಿತು. ಅದರ ಹತ್ತಿರ ಹೋಗಲು ಯಾರಿಗೂ ಮನಸ್ಸಾಗಲಿಲ್ಲ. ಕೊನೆಗೆ ಅಕ್ಸಾನೇ ಹೋಗಿ ಮುಚ್ಚಳ ತೆಗೆದಳು. ಡಬ್ಬವನ್ನು ಹಾಗೇ ಎತ್ತಿ ತಂದು ಹೊಂಬಾಳಮ್ಮನವರ ಮಡಿಲಲ್ಲಿಟ್ಟಳು.

ಸಾರಿನ ಪಾತ್ರೆಯನ್ನು ಬೆಳಗಿದ ಹಾಗೆ ತೊಳೆದಿಟ್ಟಿದ್ದರು. ಪಕ್ಕದಲ್ಲಿ ಬಾಳೆಲೆಯ ಒಂದು ಗಂಟು. ಬಿಚ್ಚಿದರೆ ಬೆಲ್ಲ, ಆಗ ತಾನೇ ಅಚ್ಚಿನಿಂದ ತೆಗೆದದ್ದು, ಮುಟ್ಟಿದರೆ ಇನ್ನೂ ಬೆಚ್ಚಗಿತ್ತು.

ನಮ್ಮ ಕಡೆ ನೆಂಟರ ಮನೆಯಿಂದ ಊಟ ಬಂದ ಪಾತ್ರೆಯನ್ನು ಬರಿದಾಗಿ ಹಿಂದಕ್ಕೆ ಕಳಿಸುವುದಿಲ್ಲ. ಹೊಂಬಾಳಮ್ಮನವರಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ಬೆಲ್ಲವನ್ನು ಎರಡು ಕೈಯಲ್ಲಿ ಹಿಡಿದು ಜೋರಾಗಿ ಅತ್ತುಬಿಟ್ಟರು. ನನ್ನ ಕಣ್ಣಲ್ಲೂ ನೀರು ಬಂತು, ಮುಚ್ಚಿಟ್ಟುಕೊಳ್ಳಲಿಲ್ಲ.

ಅಷ್ಟು ಹೊತ್ತಿಗೆ ಜವರಯ್ಯನವರ ಫೋನು. "ಉಣ್ತಿದ್ದೋ ಕಣಮ್ಮಿ, ಫೋನು ಯಾರು ಎತ್ತಾರು? ಪಕ್ಕದ ಆಲೆಮನೆಯೋರೂ ಬಂದು ಸಾರು ನೆಕ್ಕಂಡು ಓದ್ರು. ನಾಳಿಕ್ಕೆ ಇಪ್ಪತ್ತು ಜನ ಆಯ್ತೀವಿ. ಮುದ್ದೆ ಒಸಿ ದೊಡ್ಡದು ಕಟ್ಟು."

ಹೊಂಬಾಳಮ್ಮನವರು ಸೆರಗಿನಲ್ಲಿ ಮುಖ ಒರೆಸಿಕೊಂಡು ಬೆಲ್ಲ ಮುರಿದರು. ಮೊದಲ ಚೂರು ಅಕ್ಸಾಳಿಗೆ, ಎರಡನೆಯದು ನನಗೆ. "ಇಪ್ಪತ್ತು ಊಟಕ್ಕೆ ಇದು ಎಷ್ಟು ಸಲ ಓಗ್ಬೇಕು ಮಗಾ?" ಅಂತ ಕೇಳಿದರು.

"ನಾಲ್ಕು ಸಲ ಅಮ್ಮಾ."

"ಅಂಗಾರೆ ಇನ್ನೊಂದು ಒಲೆ ಹೂಡ್ಬೇಕು," ಅಂದು, ಗೋಡೆಗೆ ಒರಗಿದ್ದ ಬೆಂಚುಗಳನ್ನು ಪಕ್ಕಕ್ಕೆ ಸರಿಸಿ ಜಾಗ ಅಳೆಯತೊಡಗಿದರು.